ಇಂಗ್ಲಿಷರೋ ಬ್ರಿಟಿಷರೋ: ಕೆಂಪು ಶಿಲುಬೆಯ ಬಾವುಟ ಯಾರದು?

ಹಳೇ ಮೇಷ್ಟ್ರು (ಮೈಸೂರು):

ಮಾನ್ಯ ಮಿತ್ರರಿಗೆ ನಮಸ್ಕಾರ. ಪರಿಚಿತರೊಬ್ಬರು ನಡೆಸುವ ಮಾಸಪತ್ರಿಕೆಗಾಗಿ ಇಂಗ್ಲೆಂಡಿನ ಇಂದಿನ ರಾಜಕೀಯವನ್ನು ಕುರಿತು ಲೇಖನವೊಂದನ್ನು ಬರೆಯಲು ಕುಳಿತಿದ್ದೇನೆ. ಮೊದಲ ವಾಕ್ಯದಲ್ಲೇ ಲೇಖನಿ ನಿಂತುಬಿಟ್ಟಿದೆ. ಆ ಜನರನ್ನು 'ಇಂಗ್ಲಿಷರು' ಎಂದು ಕರೆಯಬೇಕೋ 'ಬ್ರಿಟಿಷರು' ಎಂದು ಕರೆಯಬೇಕೋ ಗೊತ್ತಾಗುತ್ತಿಲ್ಲ. ಮೊದಲನೆಯದು ಇಂಗ್ಲೆಂಡಿನವರಿಗೆ ಮಾತ್ರ ಸಲ್ಲುವ ಹೆಸರು, ಎರಡನೆಯದರಲ್ಲಿ ಸ್ಕಾಟ್ಲೆಂಡ್, ವೇಲ್ಸಿನವರೂ ಸೇರುತ್ತಾರೆ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳುವಾಗ ಈ ಸಂದೇಹ ನನಗೆ ಬಂದಿರಲಿಲ್ಲ. ನಾಲ್ಕನೆಯ ಆಂಗ್ಲೋ-ಮೈಸೂರು ಯುದ್ಧ ಎಂದು ಕಪ್ಪುಹಲಗೆಯ ಮೇಲೆ ಬರೆದು, 1799ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣವನ್ನು ಹಿಡಿದರು ಎಂದು ಬಾಯಲ್ಲಿ ಹೇಳಿ, ಎರಡೂ ಒಂದೇ ಎಂಬಂತೆ ಮುಂದೆ ಹೋಗುತ್ತಿದ್ದೆವು. ಆದರೆ ಆ ದಿನ ಕೋಟೆಯ ಬಿರುಕಿನೊಳಗೆ ಸೇನೆಯನ್ನು ನುಗ್ಗಿಸಿದ ಡೇವಿಡ್ ಬೇರ್ಡ್, ಅನಂತರ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ, ಮುಂದೆ ಮದ್ರಾಸಿನ ಗವರ್ನರ್ ಆದ ಥಾಮಸ್ ಮನ್ರೋ, ಈ ಮೂವರೂ ಸ್ಕಾಟ್ಲೆಂಡಿನವರು. 'ಇಂಗ್ಲಿಷ್' ಎಂಬ ಅರ್ಥದ 'ಆಂಗ್ಲೋ' ಪದದೊಳಗೆ ಅವರೆಲ್ಲ ಹೇಗೆ ಸೇರಿದರೆಂದು ನಾನೂ ಕೇಳಲಿಲ್ಲ, ಮಕ್ಕಳೂ ಕೇಳಲಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. 2014ರ ನವೆಂಬರ್ 20ರಂದು ಕೆಂಟ್ ಪ್ರಾಂತದ ರೋಚೆಸ್ಟರ್ ಮತ್ತು ಸ್ಟ್ರೂಡ್ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಲೇಬರ್ ಪಕ್ಷದ ಪ್ರಚಾರಕ್ಕೆ ಹೋಗಿದ್ದ ಲಂಡನ್ನಿನ ಸಂಸದೆ ಎಮಿಲಿ ಥಾರ್ನ್‌ಬೆರಿ ಅಲ್ಲಿನ ಒಂದು ಮನೆಯ ಚಿತ್ರವನ್ನು ಟ್ವಿಟರ್‌ನಲ್ಲಿ ಹಾಕಿದರು. ಮನೆಯ ಮುಂಭಾಗದಲ್ಲಿ ಮೂರು ಇಂಗ್ಲೆಂಡ್ ಬಾವುಟಗಳು, ಅಂದರೆ ಬಿಳಿಯ ಮೇಲೆ ಕೆಂಪು ಶಿಲುಬೆಯಿರುವ ಸೇಂಟ್ ಜಾರ್ಜ್ ಬಾವುಟಗಳು ತೂಗುತ್ತಿದ್ದವು. ಮುಂದೆ ಕೈಕೆಲಸದವರು ಓಡಿಸುವಂಥ ಒಂದು ಬಿಳಿ ವ್ಯಾನು ನಿಂತಿತ್ತು. ಇದು ರೋಚೆಸ್ಟರಿನ ಚಿತ್ರ ಎಂಬ ಅರ್ಥದ ಎರಡು ಮೂರು ಪದಗಳನ್ನು ಬಿಟ್ಟರೆ ಅವರು ಏನನ್ನೂ ಬರೆದಿರಲಿಲ್ಲ. ಅಷ್ಟಕ್ಕೇ ಗದ್ದಲವೆದ್ದು, ಅದೇ ರಾತ್ರಿ ವಿರೋಧ ಪಕ್ಷದ ಛಾಯಾ ಸಂಪುಟಕ್ಕೆ ಅವರು ರಾಜೀನಾಮೆ ಕೊಡಬೇಕಾಯಿತು. ಸ್ವಂತ ದೇಶದ ಬಾವುಟದ ಚಿತ್ರ ಹಾಕಿ ಸ್ಥಾನ ಕಳೆದುಕೊಳ್ಳುವುದು ನಮ್ಮಲ್ಲಿ ಊಹೆಗೂ ನಿಲುಕದ ಸಂಗತಿ. ಆಡದೆ ಬಿಟ್ಟ ಮಾತಿನಲ್ಲಿ ತಾತ್ಸಾರವಿದೆಯೆಂದು ಅಲ್ಲಿನ ಜನರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ ಎನ್ನುವುದು ನನ್ನನ್ನು ಕಾಡುತ್ತಿದೆ.

ನನ್ನ ಊಹೆ ಹೀಗಿದೆ. ಅಲ್ಲಿನ ಗಣ್ಯವರ್ಗಕ್ಕೆ ಇಂಗ್ಲೆಂಡಿನ ಮೇಲೆ ದ್ವೇಷವೇನೂ ಇಲ್ಲ, ಆದರೆ ಇಂಗ್ಲಿಷ್‌ತನವನ್ನು ಕಿಟಕಿಗೆ ತೂಗುಹಾಕುವ ವರ್ಗದ ಬಗ್ಗೆ ಮೂಗು ಮುರಿಯುವ ಚಾಳಿಯಿದೆ. ಹೀಗೆ ಓದಿದ್ದು ಸರಿಯೇ? ಅಲ್ಲಿ ನೆಲೆಸಿರುವವರು ತಿದ್ದಬೇಕಾಗಿ ವಿನಂತಿ.

ಮಿಡ್‌ಲ್ಯಾಂಡ್ಸ್ ವಾಸಿ:

ಮೇಷ್ಟ್ರೇ, ನಿಮ್ಮ ಊಹೆ ಬಹುಪಾಲು ಸರಿಯೆಂದು ಹದಿನೇಳು ವರ್ಷ ಇಲ್ಲಿ ಬಾಳಿದ ಅನುಭವದಿಂದ ಹೇಳಬಲ್ಲೆ. ನನ್ನ ಎಡಗಡೆ ಮನೆಯವನು ಗೋಡೆಗೆ ಗಾರೆ ಮಾಡುವ ಕೆಲಸದವನು. ಬಿಳಿ ವ್ಯಾನು ಅವನಿಗೂ ಇದೆ. ಫುಟ್ಬಾಲ್ ವಿಶ್ವಕಪ್ ಬಂದಾಗ ಮಾಡಿನಿಂದ ಬೇಲಿಯವರೆಗೆ ಪುಟ್ಟ ಬಾವುಟಗಳ ತೋರಣ ಕಟ್ಟುತ್ತಾನೆ. ಬಲಗಡೆಯ ಮನೆಯವರು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರು, ಸಜ್ಜನರು. ಆ ತೋರಣ ನೋಡಿದಾಗಲೆಲ್ಲ 'ಮತ್ತೆ ಶುರುವಾಯಿತು' ಎಂದು ನನ್ನ ಕಡೆ ನೋಡಿ ನಗುತ್ತಾರೆ. ವಲಸೆ ಬಂದವನಾದ್ದರಿಂದ ನಾನೂ ಆ ನಗುವಿನಲ್ಲಿ ಪಾಲುಗೊಳ್ಳುತ್ತೇನೆಂದು ಅವರ ಎಣಿಕೆ. ತಮಾಷೆಯೆಂದರೆ, ಕಳೆದ ಹಿಮಗಾಲದಲ್ಲಿ ನಮ್ಮ ಮನೆಯ ನೀರಿನ ಪೈಪು ಒಡೆದಾಗ ರಾತ್ರಿ ಹನ್ನೊಂದಕ್ಕೆ ಚೀಲ ಹಿಡಿದು ಬಂದವನು ತೋರಣದವನು.

ಬಾವುಟವೆಂದರೆ ಗಣ್ಯರಿಗೆ ಅಲರ್ಜಿ ಎಂದು ಮಾತ್ರ ತಿಳಿಯಬೇಡಿ. ಪ್ರತಿ ಸೆಪ್ಟೆಂಬರಿನಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಪ್ರಾಮ್ಸ್ ಸಂಗೀತೋತ್ಸವದ ಕೊನೆಯ ರಾತ್ರಿ ನಡೆಯುವಾಗ ಒಳ್ಳೆಯ ಉಡುಪು ತೊಟ್ಟ ಜನ ಇಡೀ ಬ್ರಿಟನ್ನಿನ ಬಾವುಟವಾದ ಯೂನಿಯನ್ ಜಾಕ್ ಬೀಸುತ್ತಾ ಮನಸಾರೆ ಹಾಡುತ್ತಾರೆ. ಅದು ಸಾಮ್ರಾಜ್ಯದ ಬಾವುಟ, ಮೇಲಾಗಿ ಟಿಕೆಟ್ ಕೊಂಡು ಒಳಹೋದ ಸಭಾಂಗಣ. ಕೆಂಪು ಶಿಲುಬೆಯದು ಬೀದಿಯ ಬಾವುಟ. ಹೀಗಾದದ್ದೂ ಇತ್ತೀಚೆಗೆ. 1966ರ ವಿಶ್ವಕಪ್ ಫೈನಲ್‌ನಲ್ಲಿ ವೆಂಬ್ಲಿಯ ತುಂಬ ಇಂಗ್ಲೆಂಡಿನ ಬೆಂಬಲಿಗರು ಬೀಸಿದ್ದು ಯೂನಿಯನ್ ಜಾಕ್. ಮೂವತ್ತು ವರ್ಷದ ಮೇಲೆ, 1996ರ ಯುರೋಪಿಯನ್ ಪಂದ್ಯಾವಳಿ ಇಂಗ್ಲೆಂಡಿನಲ್ಲೇ ನಡೆದು ಸ್ಕಾಟ್ಲೆಂಡ್ ಎದುರಾಳಿಯಾಗಿ ಬಂದಾಗ, ಅದೇ ಗ್ಯಾಲರಿ ಕೆಂಪು ಶಿಲುಬೆಗಳಿಂದ ತುಂಬಿಹೋಯಿತು. ಯಾವ ಸರ್ಕಾರವೂ ಹೇಳಿದ್ದಲ್ಲ, ಯಾವ ವಿದ್ವಾಂಸನೂ ಬರೆದಿದ್ದಲ್ಲ. ಮೂರೇ ವರ್ಷದಲ್ಲಿ, 1999ರಲ್ಲಿ, ಸ್ಕಾಟ್ಲೆಂಡಿಗೆ ಸಂಸತ್ತು ಬಂತು, ವೇಲ್ಸಿಗೆ ಶಾಸನಸಭೆ ಬಂತು. ಇಂಗ್ಲೆಂಡಿಗೆ ಫುಟ್ಬಾಲ್ ತಂಡವೊಂದೇ ಉಳಿಯಿತು.

2025ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನ ವೀಯೋಲಿ ಕ್ಯಾಸಲ್ ಮುಂತಾದ ಬಡಾವಣೆಗಳಲ್ಲಿ ಬೀದಿದೀಪದ ಕಂಬಗಳಿಗೆಲ್ಲ ಬಾವುಟ ಕಟ್ಟುವ ಚಳವಳಿ ಎದ್ದು ದೇಶದ ತುಂಬ ಹಬ್ಬಿತು. ರಸ್ತೆ ಕೂಡುವಲ್ಲಿರುವ ಸಣ್ಣ ಬಿಳಿ ವೃತ್ತಗಳ ಮೇಲೆ ರಾತ್ರೋರಾತ್ರಿ ಕೆಂಪು ಬಣ್ಣದ ಅಡ್ಡಪಟ್ಟಿ ಬಳಿದರು. ಕಂಬಗಳಿಗೆ ಭಾರ ಹೆಚ್ಚಾದರೆ ಅಪಾಯವೆಂದು ನಗರಸಭೆ ಬಾವುಟ ಬಿಚ್ಚಿಸಿತು. ಅದೇ ನಗರದಲ್ಲಿ ಮಾರ್ಚ್‌ನಿಂದ ಕಸ ಸಾಗಿಸುವ ನೌಕರರ ಮುಷ್ಕರ ನಡೆಯುತ್ತಿತ್ತು. 'ಕಸ ಎತ್ತಲು ಲಾರಿ ಇಲ್ಲ, ಬಾವುಟ ಇಳಿಸಲು ಏಣಿ ಇದೆ' ಎಂದು ಟಿವಿ ನೋಡುತ್ತಾ ನನ್ನ ಗಾರೆಯವನು ಹೇಳಿದ ಮಾತು ಮರೆಯುವಂತಿಲ್ಲ.

ಲೆಕ್ಕಿಗ (ಹುಬ್ಬಳ್ಳಿ):

ಇಬ್ಬರ ಮಾತೂ ಓದಲು ಚೆನ್ನಾಗಿದೆ. ಆದರೆ 'ಗಣ್ಯರು ಒಂದು ಕಡೆ, ಜನಸಾಮಾನ್ಯರು ಇನ್ನೊಂದು ಕಡೆ' ಎಂಬ ಚಿತ್ರವನ್ನು ಅಂಕಿಗಳ ಎದುರು ಹಿಡಿದು ನೋಡಬೇಕು.

2016ರ ಜೂನ್ 23ರ ಜನಮತಗಣನೆಯಲ್ಲಿ ಯುರೋಪಿಯನ್ ಒಕ್ಕೂಟ ತೊರೆಯಲು ಇಡೀ ದೇಶದಲ್ಲಿ ಶೇ. 51.9 ಮತ ಬಿದ್ದರೆ, ಇಂಗ್ಲೆಂಡಿನಲ್ಲಿ ಶೇ. 53.4 ಬಿತ್ತು. ಸ್ಕಾಟ್ಲೆಂಡಿನಲ್ಲಿ ಶೇ. 62 ಮಂದಿ ಉಳಿಯೋಣವೆಂದರು. ಇಂಗ್ಲೆಂಡಿನ ಒಳಗಿನ ಅಂತರ ಇದಕ್ಕಿಂತ ಘೋರವಾಗಿತ್ತು. ಲಿಂಕನ್‌ಶೈರ್‌ನ ಬಾಸ್ಟನ್ ಎಂಬ ತರಕಾರಿ ಬೆಳೆಯುವ ಸೀಮೆಯಲ್ಲಿ ಶೇ. 75.6 ಮಂದಿ ತೊರೆಯೋಣವೆಂದರೆ, ಲಂಡನ್ನಿನ ಲ್ಯಾಂಬೆತ್‌ನಲ್ಲಿ ಶೇ. 78.6 ಮಂದಿ ಉಳಿಯೋಣವೆಂದರು. ಲ್ಯಾಂಬೆತ್ ಎಂದರೆ ನಮ್ಮವರಿಗೆ ಗೊತ್ತಿರುವ ಜಾಗ. ಥೇಮ್ಸ್ ನದಿಯಾಚೆಯ ಸಂಸತ್ ಭವನಕ್ಕೆ ಎದುರಾಗಿ 2015ರ ನವೆಂಬರಿನಲ್ಲಿ ಬಸವಣ್ಣನವರ ಪ್ರತಿಮೆ ನಿಂತದ್ದು ಅಲ್ಲಿಯೇ. ತಮ್ಮನ್ನು 'ಇಂಗ್ಲಿಷ್ ಮಾತ್ರ, ಬ್ರಿಟಿಷ್ ಅಲ್ಲ' ಎಂದು ಕರೆದುಕೊಂಡವರಲ್ಲಿ ಶೇ. 79 ಮಂದಿ ತೊರೆಯುವ ಪರ ಮತ ಹಾಕಿದ್ದು ಲಾರ್ಡ್ ಆಶ್‌ಕ್ರಾಫ್ಟ್ ಮಾಡಿಸಿದ ಸಮೀಕ್ಷೆಯಲ್ಲಿ ಕಂಡುಬಂತು. ಇಲ್ಲಿಯವರೆಗೆ ನಿಮ್ಮ ವಾದಕ್ಕೆ ಬಲವೇ ಬರುತ್ತದೆ.

ಈಗ ಮಗ್ಗುಲು ಬದಲಿಸೋಣ. ಗಣಿ ಮುಚ್ಚಿದ, ಹಡಗು ಕಟ್ಟೆ ಬಿಕೋ ಎನ್ನುವ ಬಡ ಉತ್ತರದ ಸಿಟ್ಟೇ ಇದೆಲ್ಲಕ್ಕೂ ಕಾರಣವೆಂದು ಪತ್ರಿಕೆಗಳು ಬರೆದು ಬರೆದು ಅದು ಗಾದೆಯಂತಾಗಿದೆ. ಈಶಾನ್ಯ ಇಂಗ್ಲೆಂಡಿನಲ್ಲಿ ತೊರೆಯುವ ಪರ ಬಿದ್ದ ಮತ ಸುಮಾರು 7.78 ಲಕ್ಷ. ಹಣವಂತ ಜಿಲ್ಲೆಗಳೇ ತುಂಬಿರುವ ಆಗ್ನೇಯ ಇಂಗ್ಲೆಂಡಿನಲ್ಲಿ ಬಿದ್ದದ್ದು ಸುಮಾರು 25.68 ಲಕ್ಷ, ಅಂದರೆ ಮೂರು ಪಟ್ಟಿಗಿಂತ ಹೆಚ್ಚು. ಆಗ್ನೇಯದಲ್ಲಿ ಜನಸಂಖ್ಯೆ ಹೆಚ್ಚೆಂಬುದು ನಿಜ, ಆದರೂ ಶೇ. 51.8ರ ಬಹುಮತ ಅಲ್ಲಿಯೂ ತೊರೆಯುವ ಕಡೆಗೇ ಇತ್ತು. ಸಾಲ ತೀರಿದ ಸ್ವಂತ ಮನೆಯಲ್ಲಿ ಪಿಂಚಣಿ ಎಣಿಸುತ್ತಾ ತೋಟಕ್ಕೆ ನೀರು ಹಾಯಿಸುವ ವೃದ್ಧರನ್ನು ನಾವು ಯಾವ ಗುಂಪಿಗೆ ಸೇರಿಸಬೇಕು? ಲ್ಯಾಂಬೆತ್‌ನಲ್ಲಿ ಬಾಡಿಗೆ ಕೋಣೆಯಲ್ಲಿದ್ದು ರಾತ್ರಿ ಪಾಳಿಯಲ್ಲಿ ಆಸ್ಪತ್ರೆ ಗುಡಿಸುವ ಹೆಂಗಸು ಗಣ್ಯಳೇ?

ಜನಗಣತಿಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇಂಗ್ಲೆಂಡ್ ಮತ್ತು ವೇಲ್ಸ್ ಎರಡೂ ಸೇರಿ 2011ರಲ್ಲಿ ಶೇ. 57.7 ಮಂದಿ ತಾವು ಕೇವಲ ಇಂಗ್ಲಿಷ್ ಎಂದು ಬರೆಸಿದ್ದರು. 2021ರಲ್ಲಿ ಅದು ಶೇ. 14.9ಕ್ಕೆ ಕುಸಿಯಿತು, ಕೇವಲ ಬ್ರಿಟಿಷ್ ಎಂದವರು ಶೇ. 19.1ರಿಂದ 54.8ಕ್ಕೆ ಏರಿದರು. ಹತ್ತು ವರ್ಷದಲ್ಲಿ ಕೋಟ್ಯಂತರ ಜನರ ರಾಷ್ಟ್ರೀಯತೆ ಬದಲಾಯಿತೇ? ಇಂಗ್ಲೆಂಡಿನ ನಮೂನೆಯಲ್ಲಿ ಮೊದಲ ಸಾಲಿನಲ್ಲಿದ್ದ 'ಇಂಗ್ಲಿಷ್' ಎಂಬ ಆಯ್ಕೆ ಕೆಳಗಿಳಿದು 'ಬ್ರಿಟಿಷ್' ಮೇಲೇರಿದ್ದು ಇದಕ್ಕೆ ಬಹುಮಟ್ಟಿಗೆ ಕಾರಣ. ಮೇಲಿನ ಚೌಕಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುವಷ್ಟು ಹಗುರವಾಗಿ ಬಹುಜನ ಇದನ್ನು ಹೊತ್ತಿದ್ದಾರೆ ಎಂದಾದರೆ, ಇಲ್ಲಿ ನಾವು ಕಟ್ಟುತ್ತಿರುವ ಸಿದ್ಧಾಂತಗಳ ಭಾರವನ್ನೂ ಸ್ವಲ್ಪ ಇಳಿಸಬೇಕಾಗುತ್ತದೆ.

ಇತಿಹಾಸದ ಹುಳು (ಶಿವಮೊಗ್ಗ):

ಲೆಕ್ಕಿಗರು ಅಂಕಿ ಕೊಟ್ಟರು, ನಾನು ಹಳೆಯ ಕಡತ ಬಿಚ್ಚುತ್ತೇನೆ. 'ಆಳುವವರು ನಮ್ಮವರಲ್ಲ' ಎಂಬ ಭಾವನೆ ಇಂಗ್ಲೆಂಡಿನಲ್ಲಿ ಯುರೋಪಿಯನ್ ಒಕ್ಕೂಟಕ್ಕಿಂತ ಒಂಬತ್ತು ನೂರು ವರ್ಷ ಹಳೆಯದು. 1066ರಲ್ಲಿ ನಾರ್ಮಂಡಿಯ ವಿಲಿಯಂ ಗೆದ್ದ ಮೇಲೆ ಭೂಮಿಯ ಒಡೆತನ, ಚರ್ಚಿನ ಉನ್ನತ ಪೀಠಗಳು, ದರ್ಬಾರು ಎಲ್ಲವೂ ಫ್ರೆಂಚ್ ಮಾತಾಡುವವರ ಕೈ ಸೇರಿದವು. ನ್ಯಾಯಾಲಯದಲ್ಲಿ ಇಂಗ್ಲಿಷಿನಲ್ಲಿ ವಾದಿಸಬಹುದೆಂದು ಶಾಸನ ಆಗಲು 1362ರವರೆಗೆ ಕಾಯಬೇಕಾಯಿತು. ಇಂಗ್ಲಿಷನ್ನು ತಾಯ್ನುಡಿಯಾಗಿ ಪಡೆದ ದೊರೆ ಮತ್ತೆ ಪಟ್ಟಕ್ಕೆ ಬಂದದ್ದು 1399ರಲ್ಲಿ, ನಾಲ್ಕನೆಯ ಹೆನ್ರಿ. ಹಟ್ಟಿಯಲ್ಲಿ ಮೇಯಿಸುವಾಗ 'ಕೌ', 'ಶೀಪ್' ಎಂಬ ನೆಲದ ಹೆಸರುಗಳು; ಅದೇ ಪ್ರಾಣಿ ಬೆಂದು ದೊರೆಯ ತಟ್ಟೆಗೆ ಬಂದಾಗ 'ಬೀಫ್', 'ಮಟನ್' ಎಂಬ ಫ್ರೆಂಚ್ ಮೂಲದ ಹೆಸರುಗಳು. ಸಾಕಿದವನೂ ತಿಂದವನೂ ಬೇರೆ ಬೇರೆ ಎಂಬುದನ್ನು ಅವರ ಭಾಷೆ ಇಂದಿಗೂ ಮುಚ್ಚಿಟ್ಟಿಲ್ಲ.

ಈ ನೆನಪು ಹದಿನೇಳನೆಯ ಶತಮಾನದಲ್ಲಿ 'ನಾರ್ಮನ್ ನೊಗ' ಎಂಬ ರಾಜಕೀಯ ಘೋಷಣೆಯಾಗಿ ಎದ್ದಿತು. ದೊರೆಯ ತಲೆ ಉರುಳಿದ 1649ರ ವಸಂತದಲ್ಲಿ ಜೆರಾರ್ಡ್ ವಿನ್‌ಸ್ಟನ್ಲಿ ಎಂಬಾತ ಒಂದಿಷ್ಟು ಬಡವರನ್ನು ಕಟ್ಟಿಕೊಂಡು ಸರ‍್ರೆ ಪ್ರಾಂತದ ಒಂದು ಗುಡ್ಡದ ಬೀಳುಭೂಮಿಯನ್ನು ಅಗೆದು, ಇದು ಎಲ್ಲರ ನೆಲ ಎಂದು ಕ್ಯಾರೆಟ್, ಬೀನ್ಸ್ ಬಿತ್ತಿದ. ಸುತ್ತಲಿನ ಜಮೀನ್ದಾರರು ಹೊಡೆದು ಓಡಿಸಿದರು. ಆ ಗುಡ್ಡದ ಹೆಸರು ಸೇಂಟ್ ಜಾರ್ಜ್ ಹಿಲ್, ಮೇಷ್ಟ್ರು ಹೇಳಿದ ಬಾವುಟದ ಸಂತನದೇ ಹೆಸರು. ಈಗ ಅದು ಕಾವಲುಗಾರರು ನಿಂತ ಗೇಟಿನೊಳಗಿನ ಖಾಸಗಿ ವಸತಿ. ಒಳಗೆ ಗಾಲ್ಫ್ ಮೈದಾನವಿದೆ, ಟೆನಿಸ್ ಕ್ಲಬ್ ಇದೆ, ಕೋಟ್ಯಧಿಪತಿಗಳ ಬಂಗಲೆಗಳಿವೆ.

ಅನಂತರ ಬಂದದ್ದು ಬೇಲಿಯ ಕಾಲ. ನಮ್ಮ ಗೋಮಾಳದಂತೆ ಊರವರೆಲ್ಲ ದನ ಮೇಯಿಸಿ ಸೌದೆ ಆಯ್ದುಕೊಳ್ಳುತ್ತಿದ್ದ ನೆಲಕ್ಕೆ, ಒಂದೊಂದು ಊರಿಗೆ ಒಂದೊಂದು ಕಾಯಿದೆ ಮಾಡಿ ಸಂಸತ್ತೇ ಬೇಲಿ ಹಾಕಿಸಿತು. 1604ರಿಂದ 1914ರವರೆಗೆ ಹೀಗೆ ಖಾಸಗಿಯಾದದ್ದು ಸುಮಾರು 68 ಲಕ್ಷ ಎಕರೆ. ಮತ ಹಾಕಿದ ಸಂಸದರೂ ಜಮೀನು ಪಡೆದವರೂ ಒಂದೇ ವರ್ಗದವರು. ಬೇಲಿಯಾಚೆ ಬಿದ್ದವರು ಮ್ಯಾಂಚೆಸ್ಟರಿನಂಥ ಊರುಗಳ ಗಿರಣಿ ಸೇರಿದರು. ಮತದ ಹಕ್ಕು ಕೇಳಲು 1819ರ ಆಗಸ್ಟ್ 16ರಂದು ಸೇಂಟ್ ಪೀಟರ್ಸ್ ಮೈದಾನದಲ್ಲಿ ನೆರೆದಾಗ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ವಯಸ್ಕ ಗಂಡಸರೆಲ್ಲರಿಗೂ ಮತ ಸಿಕ್ಕಿದ್ದು 1918ರಲ್ಲಿ. ಹಾಗಾಗಿ ಮೊದಲ ಮಹಾಯುದ್ಧದಲ್ಲಿ ದೇಶಕ್ಕಾಗಿ ಸತ್ತ ಎಷ್ಟೋ ಇಂಗ್ಲಿಷರು ಆ ದೇಶದಲ್ಲಿ ಒಮ್ಮೆಯೂ ಮತ ಹಾಕಿದವರಲ್ಲ. ನಾವು ಇಲ್ಲಿ 'ಬ್ರಿಟಿಷರು ಆಳಿದರು' ಎನ್ನುವಾಗ ಅವರನ್ನೂ ಆ ಬಹುವಚನಕ್ಕೆ ಸೇರಿಸಿಬಿಡುತ್ತೇವೆ.

ಪೆವಿಲಿಯನ್ (ಬೆಂಗಳೂರು):

ಇಷ್ಟು ಹೊತ್ತಾದರೂ ಯಾರೂ ಕ್ರಿಕೆಟ್ ಎತ್ತಲಿಲ್ಲವೆಂಬುದು ಆಶ್ಚರ್ಯ. ಇಂಗ್ಲೆಂಡಿನ ವರ್ಗಭೇದವನ್ನು ಕಣ್ಣಿಗೆ ಕಟ್ಟುವಂತೆ ನೋಡಬೇಕಾದರೆ ಹಳೆಯ ಸ್ಕೋರ್‌ಕಾರ್ಡ್ ಒಂದು ಸಾಕು. ಹಣಕ್ಕಾಗಿ ಆಡದವರು 'ಜಂಟಲ್‌ಮನ್', ಕೂಲಿಗಾಗಿ ಆಡುವವರು 'ಪ್ಲೇಯರ್'. ಒಂದೇ ತಂಡದಲ್ಲಿದ್ದರೂ ಇಬ್ಬರಿಗೂ ಬೇರೆ ಬೇರೆ ಕೋಣೆ, ಹಲವು ಮೈದಾನಗಳಲ್ಲಿ ಒಳಬರಲು ಬೇರೆ ಬೇರೆ ಗೇಟು. ಸ್ಕೋರ್‌ಕಾರ್ಡಿನಲ್ಲಿ ಜಂಟಲ್‌ಮನ್ನನ ಇನಿಶಿಯಲ್ಸ್ ಹೆಸರಿನ ಮುಂದೆ, ಪ್ಲೇಯರ್‌ನದು ಹೆಸರಿನ ಹಿಂದೆ. ಹದಿಹರೆಯದ ಫ್ರೆಡ್ ಟಿಟ್ಮಸ್ ಲಾರ್ಡ್ಸ್ ಮೈದಾನಕ್ಕೆ ಇಳಿಯುವಾಗ ಧ್ವನಿವರ್ಧಕದಲ್ಲಿ ತಿದ್ದುಪಡಿಯೊಂದನ್ನು ಸಾರಿದರು: ಕಾರ್ಡಿನಲ್ಲಿ ಎಫ್.ಜೆ. ಟಿಟ್ಮಸ್ ಎಂದಿರುವುದನ್ನು ಟಿಟ್ಮಸ್ ಎಫ್.ಜೆ. ಎಂದು ಓದಿಕೊಳ್ಳತಕ್ಕದ್ದು. ಎರಡು ಅಕ್ಷರ ಆಚೆಯಿಂದ ಈಚೆಗೆ ಸರಿದರೆ ಹುಡುಗನ ಕುಲ ಬದಲಾಗುವ ಈ ವ್ಯವಸ್ಥೆಯನ್ನು ಜಾತಿ ಎನ್ನದೆ ಬೇರೇನೆನ್ನಬೇಕೋ ನಾನರಿಯೆ. ಜಂಟಲ್‌ಮನ್ ಮತ್ತು ಪ್ಲೇಯರ್‌ಗಳ ನಡುವೆ ನಡೆಯುತ್ತಿದ್ದ ಪಂದ್ಯದ ಕೊನೆಯ ಆಟ 1962ರ ಸೆಪ್ಟೆಂಬರಿನಲ್ಲಿ ಸ್ಕಾರ್ಬರೋದಲ್ಲಿ ಆಯಿತು.

ಇದರಲ್ಲಿ ನಮಗೂ ಒಂದು ಪಾತ್ರವಿದೆ. ಇಪ್ಪತ್ತನೆಯ ಶತಮಾನದಲ್ಲಿ ವೃತ್ತಿಪರ ಆಟಗಾರನೊಬ್ಬ ಟೆಸ್ಟ್ ಪಂದ್ಯದಲ್ಲಿ ಇಂಗ್ಲೆಂಡಿನ ನಾಯಕನಾದದ್ದು 1952ರಲ್ಲಿ, ಭಾರತದ ವಿರುದ್ಧ, ಲೀಡ್ಸ್‌ನಲ್ಲಿ. ಆತ ಯಾರ್ಕ್‌ಶೈರ್‌ನ ಲೆನ್ ಹಟನ್. ಗಣಿ ಕಾರ್ಮಿಕನ ಮಗ ಫ್ರೆಡ್ ಟ್ರೂಮನ್ ಮೊದಲ ಬಾರಿಗೆ ಚೆಂಡು ಹಿಡಿದು ಓಡಿಬಂದದ್ದೂ ಅದೇ ಪಂದ್ಯದಲ್ಲಿ. ಎರಡನೆಯ ಇನಿಂಗ್ಸ್‌ನಲ್ಲಿ ರನ್ ಖಾತೆ ತೆರೆಯುವ ಮೊದಲೇ ನಮ್ಮ ನಾಲ್ಕು ವಿಕೆಟ್ ಉರುಳಿದ್ದವು. ಆ ಸ್ಕೋರನ್ನು ನಮ್ಮ ತಂದೆಯವರು ರೇಡಿಯೋದವನ ತಪ್ಪೆಂದೇ ಎರಡು ದಿನ ನಂಬಿದ್ದರಂತೆ. ಹಟನ್ ಇಂಗ್ಲೆಂಡಿನ ನಾಯಕನಾದರೂ ತನ್ನ ಸ್ವಂತ ಯಾರ್ಕ್‌ಶೈರ್ ಕೌಂಟಿಗೆ ಆಗಲಿಲ್ಲ. ಆ ಪಟ್ಟ ಆಗಲೂ ಒಬ್ಬ ಜಂಟಲ್‌ಮನ್ನನದು.

ಶಾಲ್ಮಲಾ (ಈಶಾನ್ಯ ಇಂಗ್ಲೆಂಡ್):

ಹಿರಿಯರ ಮಾತುಗಳನ್ನು ಗೌರವದಿಂದ ಓದಿದೆ. ಆದರೆ ಗಾರೆಯವನು ಪೈಪು ಸರಿಮಾಡಿಕೊಟ್ಟನೆಂಬ ಕಥೆಯಿಂದ ನಾವೆಲ್ಲ ಕರಗಿಹೋಗುತ್ತಿದ್ದೇವೇನೋ ಎಂಬ ಅಳುಕು ನನಗಿದೆ. ನಾನಿಲ್ಲಿ ಒಂಬತ್ತು ವರ್ಷದಿಂದ ದಾದಿಯಾಗಿ ಕೆಲಸ ಮಾಡುತ್ತಿದ್ದೇನೆ. ನೀವು ಹೇಳುವ ಜನಸಾಮಾನ್ಯರ ಗಾಯಕ್ಕೆ ದಿನವೂ ಪಟ್ಟಿ ಕಟ್ಟುವವಳು ನಾನು.

2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ನೃತ್ಯ ತರಗತಿಯಲ್ಲಿದ್ದ ಮೂವರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತು. ಕೊಂದವನು ದೋಣಿಯಲ್ಲಿ ಬಂದ ಆಶ್ರಯಾರ್ಥಿ ಎಂಬ ಸುಳ್ಳು ಹಬ್ಬಿತು. ಆತ ಹುಟ್ಟಿದ್ದು ಬ್ರಿಟನ್ನಿನಲ್ಲೇ, ವೇಲ್ಸಿನ ಕಾರ್ಡಿಫ್‌ನಲ್ಲಿ. ಆ ವಾರ ಸಂಡರ್‌ಲ್ಯಾಂಡ್, ಮಿಡಲ್ಸ್‌ಬರೋ ಮುಂತಾದ ಊರುಗಳಲ್ಲಿ ಗಲಭೆಯೆದ್ದಾಗ ನಮ್ಮ ವಾರ್ಡಿನ ಕೇರಳದ ಹುಡುಗಿಯರು ಪಾಳಿ ಮುಗಿದರೂ ಮನೆಗೆ ಹೋಗಲಾರದೆ ಕುಳಿತಿದ್ದರು. ನನ್ನನ್ನು ಕಾರಿನಲ್ಲಿ ಮನೆ ಮುಟ್ಟಿಸಿದವಳು ನಮ್ಮ ವಾರ್ಡಿನ ಕಸ ಗುಡಿಸುವ ಹೆಂಗಸು. ಅವಳ ಕಾರಿನ ಕನ್ನಡಿಗೆ ಇಂಗ್ಲೆಂಡಿನ ಪುಟ್ಟ ಬಾವುಟ ತೂಗುತ್ತಿತ್ತು. ನಾವು ದಾಟಿದ ವೃತ್ತದಲ್ಲಿ ಅದೇ ಬಾವುಟವನ್ನು ಹೆಗಲಿಗೆ ಹೊದ್ದ ಹುಡುಗರು ನಿಂತಿದ್ದರು. ನಾನು ಸೀಟಿನಲ್ಲಿ ಕುಸಿದು ಕುಳಿತೆ. ಅವಳು ಒಂದು ಮಾತೂ ಆಡದೆ ಕಾರಿನ ಬಾಗಿಲುಗಳ ಲಾಕ್ ಒತ್ತಿದಳು. ಮರುದಿನ ಬೆಳಿಗ್ಗೆ ಪೊರಕೆ, ಸಲಿಕೆ ಹಿಡಿದು ಬೀದಿ ಗುಡಿಸಲು ಬಂದವರೂ ಅದೇ ಊರಿನ ಜನ. ಈ ಎರಡು ಗುಂಪಿನಲ್ಲಿ 'ನಿಜವಾದ ಜನಸಾಮಾನ್ಯ' ಯಾರೆಂದು ಹೇಳುವ ಅಧಿಕಾರ ಯಾರಿಗಿದೆ?

ಬಣ್ಣದ ಪ್ರಶ್ನೆಯನ್ನು ಇಷ್ಟು ಹೊತ್ತು ಯಾರೂ ಮುಟ್ಟಲಿಲ್ಲ. ಹುಬ್ಬಳ್ಳಿಯವರು ತಮ್ಮೂರಿನ ಅಳಿಯ ರಿಷಿ ಸುನಕ್ ಅವರನ್ನು ಮರೆತದ್ದು ಹೇಗೆ? ಅವರು ಸೌತಾಂಪ್ಟನ್ನಿನಲ್ಲಿ ಹುಟ್ಟಿ, ಆರು ನೂರು ವರ್ಷಕ್ಕೂ ಹಳೆಯ ವಿಂಚೆಸ್ಟರ್ ಕಾಲೇಜಿನಲ್ಲಿ ಓದಿ, ದೇಶದ ಪ್ರಧಾನಿಯಾಗಿ ಇಳಿದವರು. 2025ರ ಫೆಬ್ರವರಿಯಲ್ಲಿ ಒಂದು ಪಾಡ್‌ಕಾಸ್ಟ್‌ನಲ್ಲಿ ಈತ ಹಿಂದೂ, ಕಂದು ಬಣ್ಣದವರು, ಇಂಗ್ಲಿಷ್ ಹೇಗಾದಾರು ಎಂಬ ಮಾತು ಬಂತು. ಅದರ ಬೆನ್ನಲ್ಲೇ ಮಾಜಿ ಗೃಹಸಚಿವೆ ಸುಯೆಲ್ಲಾ ಬ್ರೇವರ್‌ಮನ್, ಲಂಡನ್ನಿನಲ್ಲೇ ಹುಟ್ಟಿದರೂ ತಾನು ಬ್ರಿಟಿಷ್ ಏಷ್ಯನ್ ಹೊರತು ಇಂಗ್ಲಿಷ್ ಅಲ್ಲ ಎಂದು ಬರೆದರು. ಸುನಕ್ ತಾವು ಇಂಗ್ಲಿಷ್ ಎಂದೇ ಉತ್ತರಿಸಿದರು. ನೋಡಿ, ಗಣ್ಯತೆಯ ಎಲ್ಲ ಮೆಟ್ಟಿಲು ಹತ್ತಿದವರಿಗೂ ಈ ಬಾಗಿಲು ತೆರೆದಿದೆಯೆಂಬ ಖಾತರಿಯಿಲ್ಲ. 'ಬ್ರಿಟಿಷ್' ಎನ್ನುವುದು ಪಾಸ್‌ಪೋರ್ಟ್ ಕೊಟ್ಟರೆ ಸಿಗುತ್ತದೆ. 'ಇಂಗ್ಲಿಷ್' ಎನ್ನುವುದನ್ನು ಯಾರು ಕೊಡುತ್ತಾರೆಂದು ಯಾರಿಗೂ ತಿಳಿಯದು. ವಲಸಿಗರಲ್ಲಿ ಬಹಳ ಮಂದಿ ಮೊದಲನೆಯದನ್ನು ಹಿಡಿದುಕೊಂಡಿರುವುದು ಅದಕ್ಕೇ.

ಮಿಡ್‌ಲ್ಯಾಂಡ್ಸ್ ವಾಸಿ:

ಶಾಲ್ಮಲಾ ಅವರೇ, ನಿಮ್ಮ ಆಕ್ಷೇಪಣೆಯನ್ನು ಒಪ್ಪುತ್ತೇನೆ. ನನ್ನ ಗಾರೆಯವನು ವಲಸೆಯ ಬಗ್ಗೆ ಆಡುವ ಕೆಲವು ಮಾತುಗಳನ್ನು ನಾನು ಇಲ್ಲಿ ಬರೆಯದೆ ಬಿಟ್ಟಿದ್ದೆ, ಅದು ಪ್ರಾಮಾಣಿಕತೆಯಲ್ಲ.

ಆದರೆ ಅವನ ಸಿಟ್ಟನ್ನು ಕಡೆಗೆ ಬಳಸಿಕೊಂಡವರು ಯಾರೆಂದು ನೋಡಿದರೆ ಮೇಷ್ಟ್ರ ಲೇಖನಕ್ಕೆ ಬೇಕಾದ ತಿರುಳು ಸಿಗುತ್ತದೆ. ಗಣ್ಯರ ವಿರುದ್ಧ ಜನಸಾಮಾನ್ಯರ ಬಂಡಾಯ ಎಂದು ಸಾರಿದ ಬ್ರೆಕ್ಸಿಟ್ಟಿನ, ಅಂದರೆ ಯುರೋಪಿಯನ್ ಒಕ್ಕೂಟ ತೊರೆಯುವ ಚಳವಳಿಯ, ಮುಂದಾಳುಗಳಲ್ಲಿ ಬೋರಿಸ್ ಜಾನ್ಸನ್ ಓದಿದ್ದು ಈಟನ್ನಿನಲ್ಲಿ. ಆ ಒಂದೇ ಶಾಲೆಯಿಂದ ಬಂದ ಇಪ್ಪತ್ತನೆಯ ಪ್ರಧಾನಿ ಆತ. ಎದುರು ಬಣದಲ್ಲಿದ್ದ ಡೇವಿಡ್ ಕ್ಯಾಮರಾನ್ ಹತ್ತೊಂಬತ್ತನೆಯವರು. ಪಬ್‌ನಲ್ಲಿ ಬಿಯರ್ ಲೋಟ ಹಿಡಿದು ಚಿತ್ರಕ್ಕೆ ನಿಲ್ಲುವ ನೈಜಲ್ ಫರಾಜ್ ಲಂಡನ್ನಿನ ಡಲ್ವಿಚ್ ಕಾಲೇಜಿನವರು, ಲೋಹದ ವಾಯಿದೆ ಪೇಟೆಯಲ್ಲಿ ದಲ್ಲಾಳಿಯಾಗಿದ್ದವರು. ಇಂಥ ಶುಲ್ಕದ ಶಾಲೆಗಳಲ್ಲಿ ಓದುವ ಮಕ್ಕಳು ದೇಶದಲ್ಲಿ ಶೇ. 7ರಷ್ಟು. ಸಟ್ಟನ್ ಟ್ರಸ್ಟ್ 2019ರಲ್ಲಿ ಲೆಕ್ಕ ಹಾಕಿದಾಗ ಹಿರಿಯ ನ್ಯಾಯಾಧೀಶರಲ್ಲಿ ಶೇ. 65, ಸರ್ಕಾರದ ಇಲಾಖಾ ಮುಖ್ಯಸ್ಥರಲ್ಲಿ ಶೇ. 59, ಪತ್ರಿಕೆಗಳ ಅಂಕಣಕಾರರಲ್ಲಿ ಶೇ. 44 ಮಂದಿ ಆ ಶಾಲೆಗಳವರು. ಮೂಗು ಮುರಿದವರೂ ಅವರೇ, ಮೂಗು ಮುರಿದರೆಂದು ಎತ್ತಿಕಟ್ಟಿದವರೂ ಬಹುಪಾಲು ಅವರೇ. ಒಂದೇ ಮನೆಯ ಅಣ್ಣತಮ್ಮಂದಿರ ಜಗಳಕ್ಕೆ ನನ್ನ ನೆರೆಯವನು ತನ್ನ ಬಾವುಟ ಕೊಟ್ಟು ಕಳಿಸಿದಂತಾಯಿತು.

ಮತ್ತೊಂದು ಮಾತು. ಇಂಗ್ಲೆಂಡಿನಲ್ಲಿ ಈ ದುಬಾರಿ ಖಾಸಗಿ ಶಾಲೆಗಳಿಗೆ 'ಪಬ್ಲಿಕ್ ಸ್ಕೂಲ್' ಎಂದು ಹೆಸರು. ಬೆಂಗಳೂರಿನ ಖಾಸಗಿ ಶಾಲೆಗಳ ಫಲಕಗಳ ಮೇಲೆ ನಾವು ಓದುವ 'ಪಬ್ಲಿಕ್' ಅಲ್ಲಿಂದಲೇ ಬಂದದ್ದು.

ಲೆಕ್ಕಿಗ (ಹುಬ್ಬಳ್ಳಿ):

ಅಳಿಯಂದಿರನ್ನು ಮರೆತದ್ದಕ್ಕೆ ಕ್ಷಮೆಯಿರಲಿ. ಹಾಗಾದರೆ ಇಂಗ್ಲೆಂಡಿಗೇ ಒಂದು ಶಾಸನಸಭೆ ಕೊಟ್ಟುಬಿಟ್ಟರೆ ಸಮಸ್ಯೆ ತೀರುತ್ತದೆಯೇ ಎಂದು ಕೆಲವರು ಕೇಳಬಹುದು. ಸ್ಕಾಟ್ಲೆಂಡಿನ ಸಂಸದರು ಇಂಗ್ಲೆಂಡಿನ ಶಾಲೆ, ಆಸ್ಪತ್ರೆಗಳ ಬಗ್ಗೆ ಮತ ಹಾಕಬಹುದು, ಇಂಗ್ಲೆಂಡಿನವರು ಸ್ಕಾಟ್ಲೆಂಡಿನದಕ್ಕೆ ಹಾಕುವಂತಿಲ್ಲ ಎಂಬ ತಕರಾರನ್ನು ವೆಸ್ಟ್ ಲೋಥಿಯನ್ ಕ್ಷೇತ್ರದ ಸಂಸದ ಟ್ಯಾಮ್ ಡಾಲಿಯೆಲ್ 1977ರಲ್ಲೇ ಎತ್ತಿದ್ದರು. ಇಂಗ್ಲೆಂಡಿನ ಕಾಯಿದೆಗೆ ಇಂಗ್ಲೆಂಡಿನ ಸಂಸದರ ಒಪ್ಪಿಗೆ ಬೇಕೆಂಬ ನಿಯಮ 2015ರಲ್ಲಿ ಬಂತು, 2021ರಲ್ಲಿ ಸದ್ದಿಲ್ಲದೆ ಹೋಯಿತು. ಬಂದಾಗಲೂ ಹೋದಾಗಲೂ ಬೀದಿಯಲ್ಲಿ ಯಾರೂ ಬಾವುಟ ಹಿಡಿಯಲಿಲ್ಲ.

2004ರ ನವೆಂಬರಿನಲ್ಲಿ ಈಶಾನ್ಯ ಇಂಗ್ಲೆಂಡಿಗೆ ಪ್ರಾದೇಶಿಕ ಸಭೆ ಬೇಕೇ ಎಂದು ಜನರನ್ನು ಕೇಳಿದರು. ಶೇ. 77.9 ಮಂದಿ ಬೇಡವೆಂದರು. ವಿರೋಧಿ ಪ್ರಚಾರದವರು ಗಾಳಿ ತುಂಬಿದ ದೊಡ್ಡ ಬಿಳಿಯಾನೆಯೊಂದನ್ನು ಊರೂರು ಸುತ್ತಿಸಿ, ಇದು ರಾಜಕಾರಣಿಗಳ ಇನ್ನೊಂದು ದುಂದುವೆಚ್ಚ ಎಂದು ಸಾರಿದ್ದರು. ಆ ಪ್ರಚಾರದ ಹಿಂದಿದ್ದ ತಲೆಗಳಲ್ಲಿ ಒಂದು ಡಾಮಿನಿಕ್ ಕಮಿಂಗ್ಸ್. ಹನ್ನೆರಡು ವರ್ಷದ ಮೇಲೆ ಬ್ರೆಕ್ಸಿಟ್ ಪ್ರಚಾರ ನಡೆಸಿದವರೂ ಅವರೇ. ರಾಜಧಾನಿಯವರು ಕೊಡುವ ಸ್ವಾಯತ್ತತೆಯೂ ಬೇಡವೆನ್ನುವಷ್ಟು ರಾಜಧಾನಿಯವರ ಮೇಲೆ ಅಪನಂಬಿಕೆ ಇದ್ದುದನ್ನು ಅವರು ಅಲ್ಲಿ ಮೊದಲು ಅಳೆದುಕೊಂಡಿದ್ದರು ಎಂದು ನನ್ನ ಭಾವನೆ.

ಪೆವಿಲಿಯನ್ (ಬೆಂಗಳೂರು):

ರಾಷ್ಟ್ರಗೀತೆಯ ವಿಚಾರವೂ ಹೀಗೇ ಇದೆ. ವೇಲ್ಸ್ ತಂಡ ತನ್ನ ಹಾಡು ಹಾಡುತ್ತದೆ, ಸ್ಕಾಟ್ಲೆಂಡ್ ತನ್ನದನ್ನು ಹಾಡುತ್ತದೆ. ಇಂಗ್ಲೆಂಡ್ ಮಾತ್ರ ಫುಟ್ಬಾಲಿನಲ್ಲಿ ಇಡೀ ಬ್ರಿಟನ್ನಿನ ರಾಜಗೀತೆಯನ್ನೇ ಹಾಡಿಕೊಳ್ಳಬೇಕು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಬರುವ ಮುಂಚೆ ಜನರಿಂದ ಮತ ಕೇಳಿ ಕವಿ ಬ್ಲೇಕನ 'ಜೆರುಸಲೇಂ' ಗೀತೆಯನ್ನು ಆರಿಸಿಕೊಂಡಿದ್ದರು. ತಮ್ಮದೇ ಗೀತೆ ಯಾವುದೆಂದು ಇಂಗ್ಲಿಷರು ಮತ ಹಾಕಿ ತೀರ್ಮಾನಿಸಿದ ಹಾಡು ಮೊಳಗಿದ್ದು ನಮ್ಮ ದೆಹಲಿಯಲ್ಲಿ ಎಂಬುದು ನನಗೆ ಇಷ್ಟವಾದ ಸಂಗತಿ.

ಶಾಲ್ಮಲಾ (ಈಶಾನ್ಯ ಇಂಗ್ಲೆಂಡ್):

ಲೆಕ್ಕಿಗರು ಹೇಳಿದ ಜನಗಣತಿಯ ನಮೂನೆಯನ್ನು 2021ರಲ್ಲಿ ನಾನೂ ತುಂಬಿದ್ದೆ. ಆ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಚೌಕಕ್ಕೆ ಗುರುತು ಹಾಕಲು ಅವಕಾಶವಿತ್ತು. ಇಲ್ಲಿಯೇ ಹುಟ್ಟಿದ ನನ್ನ ಮಗಳದ್ದನ್ನು ತುಂಬುವಾಗ 'ಬ್ರಿಟಿಷ್' ಎಂಬುದಕ್ಕೆ ಹಾಕಿ, 'ಇಂಗ್ಲಿಷ್' ಎಂಬ ಚೌಕದ ಮುಂದೆ ಬಹಳ ಹೊತ್ತು ಕುಳಿತಿದ್ದೆ. ಆಗ ಹಾಕಲಿಲ್ಲ. ಈಗ ಅವಳು ಶಾಲೆಯ ಫುಟ್ಬಾಲ್ ತಂಡದಲ್ಲಿದ್ದಾಳೆ, ಇಲ್ಲಿನವರಂತೆಯೇ ಎಳೆದು ಎಳೆದು ಮಾತಾಡುತ್ತಾಳೆ, ರಾತ್ರಿಯೂಟಕ್ಕೆ 'ಟೀ' ಎನ್ನುತ್ತಾಳೆ. ಲಂಡನ್ನಿನ ನಮ್ಮ ನೆಂಟರು ಫೋನಿನಲ್ಲಿ ಅವಳ ಉಚ್ಚಾರಣೆ ಕೇಳಿ, ಒಳ್ಳೆಯ ಶಾಲೆಗೆ ಬದಲಾಯಿಸಬಾರದೇ ಎಂದು ಸಲಹೆ ಕೊಟ್ಟರು. ಅವರೂ ಧಾರವಾಡದವರೇ.

ಹಳೇ ಮೇಷ್ಟ್ರು (ಮೈಸೂರು):

ಎಲ್ಲರಿಗೂ ಕೃತಜ್ಞತೆಗಳು. ಒಂದು ಪದ ಕೇಳಲು ಬಂದವನಿಗೆ ಒಂದು ಮೂಟೆ ಹೊರಿಸಿ ಕಳಿಸುತ್ತಿದ್ದೀರಿ. ನಾನು ಬರೆದಿದ್ದ ಊಹೆಯಲ್ಲಿ ಅರ್ಧವನ್ನು ಹೊಡೆದುಹಾಕಿದ್ದೇನೆ. ತಾತ್ಸಾರ ಇದೆಯೆಂಬುದು ಉಳಿಯುತ್ತದೆ. ತಾತ್ಸಾರಕ್ಕೆ ಗುರಿಯಾದವರೆಲ್ಲ ಒಂದೇ ಮನಸ್ಸಿನವರು, ಒಂದೇ ಬಣ್ಣದವರು, ಉತ್ತರದ ಬಡವರು ಎಂಬ ಭಾಗ ಹೋಯಿತು. ಅವರ ಪರವಾಗಿ ಎದ್ದು ನಿಂತವರು ಅವರವರೇ ಎಂಬ ಭಾಗವೂ ಹೋಯಿತು. ಶಾಲ್ಮಲಾ ಅವರ ಕೊನೆಯ ಮಾತು ಓದಿದ ಮೇಲೆ, ಈ ಚಾಳಿ ವಲಸೆ ಹೋದ ನಮ್ಮವರಿಗೂ ಅಂಟುತ್ತದೆಂಬ ಒಂದು ಸಾಲನ್ನು ಸೇರಿಸಿದ್ದೇನೆ. ಯಾರ ಮನೆಯ ಸುದ್ದಿಯೆಂದು ಬರೆಯುವುದಿಲ್ಲ.

ಪದದ ವಿಚಾರದಲ್ಲಿ ಹೀಗೆ ಮಾಡಿದ್ದೇನೆ. ಸರ್ಕಾರ, ಸೇನೆ, ಪಾಸ್‌ಪೋರ್ಟ್, ಸಾಮ್ರಾಜ್ಯ ಬಂದಲ್ಲೆಲ್ಲ 'ಬ್ರಿಟಿಷ್' ಎಂದಿಟ್ಟಿದ್ದೇನೆ. ಕಂಬಕ್ಕೆ ಬಾವುಟ ಕಟ್ಟಿದವನಿಗೂ ಅದನ್ನು ನೋಡಿ ನಕ್ಕ ಅಧ್ಯಾಪಕರಿಗೂ 'ಇಂಗ್ಲಿಷ್' ಎಂದೇ ಬರೆದಿದ್ದೇನೆ, ಅಧ್ಯಾಪಕರಿಗೆ ಅದು ಇಷ್ಟವಾಗದಿದ್ದರೂ. ಸುನಕ್ ಅವರನ್ನು ಅವರೇ ಕರೆದುಕೊಂಡಂತೆ ಕರೆದಿದ್ದೇನೆ. ಆಂಗ್ಲೋ-ಮೈಸೂರು ಯುದ್ಧದ ಹೆಸರನ್ನು ಬದಲಿಸುವ ಧೈರ್ಯ ನನಗಿಲ್ಲ. ಅದರ ಕೆಳಗೆ ಅಡಿಟಿಪ್ಪಣಿಯೊಂದನ್ನು ಹಾಕಿ, ಬೇರ್ಡ್, ಮೆಕೆಂಜಿ, ಮನ್ರೋ ಮೂವರ ಊರುಗಳನ್ನು ನಮೂದಿಸಿದ್ದೇನೆ. ಸಂಪಾದಕರು ಜಾಗ ಸಾಲದೆಂದು ಮೊದಲು ಕತ್ತರಿಸುವುದು ಅದನ್ನೇ ಎಂದು ನನಗೆ ಗೊತ್ತಿದೆ.